ಮುಯ್ಯಿ ಮೇಜಿನ ಪಕ್ಕದ ಬಾಂಡು

ಮದುವೆ ಮನೆಗೆ ಹೋಗಿ, ಮುಯ್ಯಿ ಬರೆಯುವ ಮೇಜಿನ ಪಕ್ಕದಲ್ಲೇ ಇನ್ನೊಂದು ಮೇಜು ಹಾಕಿಕೊಂಡು, ಬಂದ ನೆಂಟರಿಗೆಲ್ಲ ಕಕ್ಕಸ್ಸಿನಲ್ಲಿ ಪಾಲು ಮಾರಿದ ಮನುಷ್ಯ ಈ ಪ್ರಪಂಚದಲ್ಲಿ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬರೇ. ಇದನ್ನು ನಾನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದಲೋ ಎಂದು ಕೇಳಬೇಡಿ. ಆ ದಿನವಂತೂ ನಾನು ಛತ್ರದಲ್ಲಿ ಕೈ ತೊಳೆಯುವ ಜಾಗದ ಕಂಬದ ಹಿಂದೆ ಅಡಗಿ ನಿಂತಿದ್ದೆ. ಈಗ ಯಾರಾದರೂ ಆ ಸಂಗತಿ ಎತ್ತಿದರೆ "ಅವರು ನಮ್ಮ ಮಾವನೇ" ಎಂದು ನಾನೇ ಮುಂದೆ ಬಂದು ನಿಲ್ಲುತ್ತೇನೆ.

ಮಾವ ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ತುಮಕೂರಿನಿಂದ ಕುಣಿಗಲ್ ಮೇಲೆ ಅಮೃತೂರಿಗೆ, ಅಮೃತೂರಿನಿಂದ ಮತ್ತೆ ತುಮಕೂರಿಗೆ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು, ಈಗ ಅಮೃತೂರಿನಲ್ಲಿ ತೋಟ ನೋಡಿಕೊಂಡಿದ್ದಾರೆ. ಆದರೂ ಅಂಗಿಯ ಜೇಬಿನಲ್ಲಿ ಪೀಪಿ ಇರಲೇಬೇಕು. ಯಾರ ಮನೆಯ ಊಟಕ್ಕೆ ಹೋದರೂ ಬಾಗಿಲಲ್ಲಿ ನಿಂತು "ಒಳಗಡೆ ಹೋಗಿ, ಒಳಗಡೆ ಹೋಗಿ, ಹಿಂದ್ಗಡೆ ಖಾಲಿ ಐತೆ" ಎಂದು ಪಂಕ್ತಿ ತುಂಬಿಸುತ್ತಾರೆ. ಮಂಗಳಾರತಿ ತಟ್ಟೆಗೆ ಹತ್ತು ರೂಪಾಯಿ ಹಾಕಿ, ಪೂಜಾರಿಯಿಂದ ಐದು ರೂಪಾಯಿ ಚಿಲ್ಲರೆ ಕೇಳಿ ಪಡೆದಿದ್ದಾರೆ. ಅತ್ತೆ ಹೇಳುವ ಪ್ರಕಾರ, ಮದುವೆಯಲ್ಲಿ ಸಪ್ತಪದಿ ತುಳಿಯುವಾಗ "ಬೇಗ ಬೇಗ, ಹಿಂದಿನ್ ಬಸ್ಸು ಬರ್ತೈತೆ" ಅಂದಿದ್ದರಂತೆ. ಇದನ್ನು ಮಾತ್ರ ನಾನು ಅರ್ಧ ನಂಬುತ್ತೇನೆ.

ಇಂಥ ಮಾವನಿಗೆ ಇರುವ ಚಿಂತೆ ಒಂದೇ. ನಮ್ಮಮ್ಮ. ಅಂದರೆ ಅವರ ಅಕ್ಕ.

ಅಮ್ಮ ಇರುವುದು ತುಮಕೂರಿನ ಸದಾಶಿವನಗರದಲ್ಲಿ, ನನ್ನ ಜೊತೆ. ತವರು ಅಮೃತೂರು. ಹೋಗಿ ಬರಲು ಮಹಾ ದೂರವೇನಲ್ಲ. ಆದರೆ ಬಸ್ಸು ಹತ್ತುವ ದಿನ ಅಮ್ಮ ಬೆಳಗ್ಗೆಯಿಂದ ಒಂದು ತೊಟ್ಟು ನೀರು ಕುಡಿಯುವುದಿಲ್ಲ. ಕಾಫಿಯೂ ಇಲ್ಲ. ನನಗೆ ಬುದ್ಧಿ ಬಂದಾಗಿನಿಂದ ಹೀಗೇ. ಕೇಳಿದರೆ, "ಕುಡುದ್ಬುಟ್ಟು ಎಲ್ಲೇ ಹೋಗ್ಲಿ?" ಎನ್ನುತ್ತಾಳೆ. ಅವಳ ಮಾತೂ ಸುಳ್ಳಲ್ಲ. ಅಮೃತೂರಿನ ಆ ಬಸ್ ಸ್ಟಾಪಿನಲ್ಲಿ ಗಂಡಸರಿಗೆ ಇಡೀ ಊರೇ ಇತ್ತು, ಹೆಂಗಸರಿಗೆ ಒಂದು ಗೋಡೆಯೂ ಇರಲಿಲ್ಲ. ಮೂರು ವರ್ಷದ ಕೆಳಗೆ ಬೇಸಿಗೆಯಲ್ಲಿ ಹಾಗೇ ಒಣಗಂಟಲಲ್ಲಿ ಹೋಗಿ, ವಾಪಸು ಬಸ್ಸಿಗೆ ಕಾಯುತ್ತಾ ತಲೆಸುತ್ತಿ ಬಿದ್ದಳು. ಡ್ರಿಪ್ ಹಾಕಿದ ಡಾಕ್ಟರು "ಶುಗರ್ ಇಟ್ಕೊಂಡು ನೀರು ಕುಡೀದೆ ಓಡಾಡ್ತೀರೇನಮ್ಮ" ಎಂದು ಬೈದರು. ಅಮ್ಮ ಡಾಕ್ಟರ ಮಾತನ್ನು ತನಗೆ ಬೇಕಾದಂತೆ ಪಾಲಿಸಿದಳು. ನೀರು ಕುಡಿಯಲು ಶುರು ಮಾಡಿದಳು, ಓಡಾಡುವುದನ್ನು ಬಿಟ್ಟಳು.

ಕಾರಿನಲ್ಲಿ ಕರೆದುಕೊಂಡು ಹೋಗಬಹುದಲ್ಲ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಕಾರಿನ ಬಾಗಿಲು ಹಾಕಿದ ಸದ್ದಿಗೇ ಅಮ್ಮನಿಗೆ ವಾಂತಿ. ಒಮ್ಮೆ ಕ್ಯಾತ್ಸಂದ್ರದವರೆಗೂ ಕರೆದುಕೊಂಡು ಹೋಗಿದ್ದೆವು. ವಾಪಸು ಬರುವಾಗ ಅವಳು ಸಿಟಿ ಬಸ್ಸಿನಲ್ಲಿ ನಗುನಗುತ್ತಾ ಬಂದಳು, ನಾನು ಮತ್ತು ನಮ್ಮೆಜಮಾನರು ಕಾರು ತೊಳೆಸಿಕೊಂಡು ಬಂದೆವು.

"ಅಕ್ಕ ಒಂದ್ಸಲ ಹೊಟ್ಟೆ ತುಂಬ ನೀರ್ ಕುಡ್ಕೊಂಡು ಅಮೃತೂರಿಗ್ ಬಂದೋಗ್ಬೇಕು ಕಣೇ. ನಂಗಿನ್ನೇನೂ ಬ್ಯಾಡ" ಎಂದು ಮಾವ ಫೋನಿನಲ್ಲಿ ವಾರಕ್ಕೊಮ್ಮೆ ಹೇಳುತ್ತಿದ್ದರು.

ಹೀಗಿರುವಾಗ ಕ್ಯಾತ್ಸಂದ್ರದ ಒಂದು ಕಾಲೇಜಿನಲ್ಲಿ ಹಿರಿಯ ನಾಗರಿಕರಿಗೆಂದು ಒಂದು ದಿನದ ಕಾರ್ಯಾಗಾರ ನಡೆಯಿತು. ಮಾವ ಅದಕ್ಕೆ ಹೋಗಿದ್ದು ಊಟಕ್ಕೆ. ಶ್ಯಾವಿಗೆ ಪಾಯಸ ಇದೆ ಎಂದು ಯಾರೋ ಹೇಳಿದ್ದರಂತೆ. ಸಂಜೆ ನಮ್ಮ ಮನೆಗೆ ಬಂದಾಗ ಅವರ ಕಂಕುಳಲ್ಲಿ ಒಂದು ಫೈಲು, ಬಾಯಲ್ಲಿ ಒಂದೇ ಪದ. ಇಂಪ್ಯಾಕ್ಟು!

"ಊರಿಗೆ ಏನಾರ ಒಳ್ಳೇದ್ ಕಟ್ಬೇಕು ಅಂದ್ರೆ ಗೌರ್ಮೆಂಟಿಗೆ ಕಾಯ್ಬಾರ್ದಂತೆ ಕಣೇ. ಊರೋರೇ ಸಾವ್ರ ಸಾವ್ರ ಹಾಕ್ಬೇಕಂತೆ. ದಾನ ಅಲ್ಲ, ಸಾಲ. ಬಾಂಡ್ ಬರ್ಕೊಡ್ಬೇಕು, ಕಟ್ಟಿದ್ರಲ್ಲಿ ಬಂದ ಆದಾಯದಿಂದ ವಾಪಸ್ ಕೊಡ್ಬೇಕು. ದುಡ್ಡೂ ವಾಪಸ್ ಬತ್ತದೆ, ಊರಿಗೆ ಇಂಪ್ಯಾಕ್ಟೂ ಆಯ್ತದೆ."

"ಬಾಂಡು ಅಂದ್ರೇನು ಅಂತ ಗೊತ್ತಾ ಮಾವ?" ನಾನು ಕೇಳಿದೆ. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷದಿಂದ ಕೆಲಸದಲ್ಲಿರುವವಳು ನಾನು.

"ನಂಗಾ? ಮೂವತ್ ವರ್ಷ ಅದ್ನೇ ಮಾಡಿದೀನಿ. ಚಿಲ್ರೆ ಇಲ್ದಾಗ ಟಿಕೆಟ್ ಹಿಂದ್ಗಡೆ ಬರ್ಕೊಡ್ತಿರ್ಲಿಲ್ವಾ? ನಿಂದು ಇಷ್ಟು ನನ್ನತ್ರ ಐತೆ, ಇಳಿಯೋವಾಗ ಇಸ್ಕೊ ಅಂತ. ಅದು ಬಾಂಡಲ್ದೆ ಇನ್ನೇನು?"

ಇಪ್ಪತ್ತು ವರ್ಷದಲ್ಲಿ ಯಾವ ಟ್ರೈನಿಂಗಿನಲ್ಲೂ ನಮಗೆ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಯೋಜನೆ ಸರಳವಾಗಿತ್ತು. ಅಮೃತೂರಿನ ಬಸ್ ಸ್ಟಾಪಿಗೆ ಅಂಟಿಕೊಂಡಂತೆ ಮಾವನದೇ ಒಂದು ಸಣ್ಣ ಸೈಟು ಖಾಲಿ ಬಿದ್ದಿತ್ತು. ಅಲ್ಲಿ ಹೆಂಗಸರಿಗೆ ಎರಡು ಶೌಚಾಲಯ, ಕೂರಲು ಒಂದು ಕೋಣೆ, ಮುಂದೆ ಒಂದು ಟೀ ಅಂಗಡಿ. ಅಂಗಡಿಯ ಬಾಡಿಗೆಯಿಂದ ಪ್ರತಿ ತಿಂಗಳೂ ಚೀಟಿ ಎತ್ತಿ, ಹೆಸರು ಬಂದ ಐದು ಜನರಿಗೆ ಸಾವಿರ ಸಾವಿರ ವಾಪಸು. ಬಡ್ಡಿ? ಒಂದು ಬಾಂಡಿಗೆ ವರ್ಷಕ್ಕೆ ಎರಡು ತೆಂಗಿನಕಾಯಿ, ಮಾವನ ತೋಟದಿಂದ. ಮಾರುಕಟ್ಟೆಯಲ್ಲಿ ಕಾಯಿ ಬೆಲೆ ಏರಿದರೆ ಬಡ್ಡಿಯೂ ಏರಿದ ಹಾಗೆ. ಇಂಥ ಬಡ್ಡಿ ದರವನ್ನು ನಮ್ಮ ಬ್ಯಾಂಕಿನ ಹೆಡ್ಡಾಫೀಸಿನವರೂ ಯೋಚಿಸಿರಲಿಲ್ಲ.

"ಮಾವ, ಬಾಂಡು ಅಂತ ಸಾರ್ವಜನಿಕರಿಗೆ ಮಾರಿದ್ರೆ ಒಳಗೆ ಹಾಕ್ತಾರೆ" ಎಂದು ಹೆದರಿಸಿದೆ.

"ಸಾರ್ವಜನಿಕ್ರಿಗ್ ಯಾಕ್ ಮಾರ್ಲಿ? ನೆಂಟ್ರು ಸಾಯ್ತಾವ್ರಾ?"

ಕೊನೆಗೆ ನಾನೇ ಕೋರ್ಟಿನ ಹತ್ತಿರದ ಲಾಯರ್ ಒಬ್ಬರ ಬಳಿ ಕರೆದುಕೊಂಡು ಹೋದೆ. ನೆಂಟರದೇ ಒಂದು ಸಂಘ ರಿಜಿಸ್ಟರ್ ಮಾಡಿಸಿ, ಸದಸ್ಯರಿಂದ ಮಾತ್ರ ಪಡೆಯಿರಿ ಎಂದು ಅವರು ಕಾಗದ ಪತ್ರ ಮಾಡಿಕೊಟ್ಟರು. ಫೀಸು ಕೊಡಲು ಹೋದರೆ, ದೂರದಿಂದ ತಾವೂ ನೆಂಟರೇ ಆಗಬೇಕೆಂದು ಲೆಕ್ಕ ತೆಗೆದು, ಅದೇ ಫೀಸಿಗೆ ಎರಡು ಬಾಂಡು ಬರೆಸಿಕೊಂಡರು.

ಬಾಂಡು ಅಚ್ಚಾಗಿದ್ದು ಗುಬ್ಬಿಯಲ್ಲಿ, ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸಿನಲ್ಲಿ. ಆ ಪ್ರೆಸ್ಸಿನವನ ಹತ್ತಿರ ಇರುವುದು ಒಂದೇ ಮಾದರಿ. ಮೇಲೆ ಗಣಪತಿ, ಎರಡು ಬದಿಗೆ ಬಾಳೆಕಂಬ, ನಡುವೆ "ಹೆಂಗಸರ ಶೌಚಾಲಯದ ಬಾಂಡು, ರೂ. ಒಂದು ಸಾವಿರ ಮಾತ್ರ", ಎಲ್ಲಕ್ಕಿಂತ ಕೆಳಗೆ ದಪ್ಪ ಅಕ್ಷರದಲ್ಲಿ "ತಮ್ಮ ಆಗಮನಾಭಿಲಾಷಿಗಳು". ನಾನು ತಲೆ ಚಚ್ಚಿಕೊಂಡೆ. "ಸುಳ್ಳೇನೈತೆ ಅದ್ರಲ್ಲಿ? ಬರ್ಲಿ ಅಂತ ತಾನೆ ಕಟ್ತಿರಾದು?" ಎಂದರು ಮಾವ.

ಅದೇ ವಾರ ಗುಬ್ಬಿಯಲ್ಲಿ ನಮ್ಮ ದಾಯಾದಿಗಳ ಪೈಕಿ ಮದುವೆ. ತುಮಕೂರು, ಗುಬ್ಬಿ, ಕುಣಿಗಲ್ಲಿನ ನೆಂಟರೆಲ್ಲ ಒಂದೇ ಛತ್ರದಲ್ಲಿ ಸಿಗುತ್ತಾರೆ, ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು? ಮಾವ ಬೆಳಗಿನ ತಿಂಡಿಗೂ ಮುಂಚೆ ಹೋಗಿ ಮುಯ್ಯಿ ಬರೆಯುವ ಮೇಜಿನ ಪಕ್ಕದಲ್ಲಿ ತಮ್ಮ ಮೇಜು ಹಾಕಿದರು. ಹುಡುಗಿಯ ಅಪ್ಪನಿಗೆ ಅಂದಿನ ಮೊದಲ ಬಾಂಡು ಕೊಟ್ಟು ಬಾಯಿ ಮುಚ್ಚಿಸಿದರು. ಜನ ಸಾಲಾಗಿ ಬಂದರು. ಒಂದು ಮೇಜಿನಲ್ಲಿ ಮುಯ್ಯಿ ಬರೆಸಿದವರು, ಅದೇ ಸಾಲಿನಲ್ಲಿ ಮುಂದೆ ಸರಿದು ಎರಡನೆಯ ಮೇಜಿನಲ್ಲೂ ಬರೆಸಿದರು. ಮಾವ ಪ್ರತಿಯೊಬ್ಬರಿಗೂ ಅಕ್ಕನ ಕಥೆ ಹೇಳಿದರು, ಇಂಪ್ಯಾಕ್ಟು ಎಂದರು, ತೆಂಗಿನಕಾಯಿ ಎಂದರು. ಗಂಡಸರು ಗಡಿಯಾರ ನೋಡಿಕೊಂಡರು. ಅವರ ಹೆಂಡತಿಯರು ಮಾತ್ರ ಅಕ್ಕನ ಕಥೆ ಮುಗಿಯುವ ಮೊದಲೇ ಪರ್ಸು ಬಿಚ್ಚಿದರು.

ತೊಂದರೆ ಇದ್ದದ್ದು ಒಂದು ರೂಪಾಯಿಯಲ್ಲಿ. ಬಾಂಡು ಒಂದು ಸಾವಿರದ್ದು, ಎಲ್ಲರೂ ಕೊಟ್ಟಿದ್ದು ಸಾವಿರದ ಒಂದು.

"ಸಾವ್ರ ಅಷ್ಟೇ, ಒಂದ್ರುಪಾಯಿ ವಾಪಸ್ ತಗಳಿ" ಎಂದು ಮಾವ ಚಿಲ್ಲರೆ ಹಿಂದಕ್ಕೆ ಕೊಡಲು ಹೋದರೆ ನೆಂಟರೆಲ್ಲ ದೊಡ್ಡಮ್ಮ ಎಂದೇ ಕರೆಯುವ ಗುಬ್ಬಿಯ ಹಿರಿಯರೊಬ್ಬರು ಎಲ್ಲರೆದುರು ಗದರಿಸಿದರು. "ಸೊನ್ನೆಗೆ ನಿಲ್ಸಿ ಯಾರಾದ್ರೂ ದುಡ್ಡ್ ಕೊಡ್ತಾರೇನ್ಲಾ? ಶುಭಕಾರ್ಯ ನಡೀತೈತೆ. ಬಾಯ್ ಮುಚ್ಕೊಂಡು ಬರ್ಕೊ."

ಸಂಜೆಯ ಹೊತ್ತಿಗೆ ಮುನ್ನೂರು ಬಾಂಡು ಖಾಲಿ. ಮಾವನ ಮುಂದೆ ಮುನ್ನೂರು ಒಂದು ರೂಪಾಯಿ ನಾಣ್ಯಗಳ ಗುಡ್ಡೆ. ಅದು ಅಸಲೂ ಅಲ್ಲ, ಬಡ್ಡಿಯೂ ಅಲ್ಲ. ಕಂಡಕ್ಟರ್ ಆಗಿ ಮೂವತ್ತು ವರ್ಷ ಪೈಸೆ ಪೈಸೆಗೂ ಜವಾಬು ಕೊಟ್ಟ ಮನುಷ್ಯ ಆ ನಾಣ್ಯಗಳನ್ನು ಒಂದು ಟವೆಲಿನಲ್ಲಿ ಕಟ್ಟಿಕೊಂಡು, ಕಳ್ಳಮಾಲು ಹೊತ್ತವರ ಹಾಗೆ ಮುಖ ಮಾಡಿಕೊಂಡು ಅಮೃತೂರಿನ ಬಸ್ಸು ಹತ್ತಿದರು.

ಕಟ್ಟಡ ಎದ್ದಿತು. ಟೀ ಅಂಗಡಿಗೆ ಬಾಡಿಗೆಯವನೂ ಸಿಕ್ಕಿದ. ಮೊದಲ ತಿಂಗಳು ಚೀಟಿ ಎತ್ತಿ, ಹೆಸರು ಬಂದ ಐವರ ಮನೆಗೆ ಹಣ ಹಿಂದಿರುಗಿಸಲು ಮಾವ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟರು. ಮೊದಲನೆಯ ಮನೆ ಗುಬ್ಬಿಯ ಆ ದೊಡ್ಡಮ್ಮನದೇ. ಹಣ ನೋಡಿದ್ದೇ ದೊಡ್ಡಮ್ಮನ ಮುಖ ಕೆಂಪಾಯಿತು.

"ಏನ್ಲಾ ಇದು? ನಮ್ಮನೇಲಿ ಏನ್ ಕಾರ್ಯ ನಡೀತೈತೆ ಅಂತ ಮುಯ್ಯಿ ವಾಪಸ್ ತಂದೆ? ನಮ್ ಸಂಬಂಧ ಬ್ಯಾಡ ಅಂತ ಲೆಕ್ಕ ಚುಕ್ತಾ ಮಾಡಕ್ ಬಂದಿದೀಯಾ?"

"ದೊಡ್ಡಮ್ಮ, ಇದು ಮುಯ್ಯಿ ಅಲ್ಲ. ಬಾಂಡು."

"ಮುಯ್ಯಿ ಮೇಜಲ್ಲಿ ಕೊಟ್ಟಿದ್ದು ಮುಯ್ಯೀನೇ. ಮೊಮ್ಮಗಳ ನಾಮಕರಣಕ್ಕೆ ತಗಂಬಾ. ಬರೀ ಸಾವ್ರ ತರ್ಬೇಡ, ಮೇಲೊಂದ್ ರೂಪಾಯಿ ಇರ್ಲಿ."

ಐದಕ್ಕೆ ಐದು ಮನೆಯಲ್ಲೂ ಇದೇ ಉತ್ತರ. ಸಾಲ ಕೊಟ್ಟವರು ವಾಪಸು ಕೇಳಿ ಕಾಡುವುದನ್ನು ಬ್ಯಾಂಕಿನಲ್ಲಿ ದಿನಾ ನೋಡುತ್ತೇನೆ. ಸಾಲ ಪಡೆದವನು ಹಣ ಹಿಡಿದುಕೊಂಡು ಬೀದಿ ಬೀದಿ ಅಲೆದು, ತಗೊಳ್ಳಿ ತಗೊಳ್ಳಿ ಎಂದು ಕಾಡುವುದನ್ನು ನಾನು ನೋಡಿದ್ದು ಆಗಲೇ.

ಅಂದಿನಿಂದ ಮಾವ ಮೂರೂ ತಾಲ್ಲೂಕಿನ ಒಂದು ಕಾರ್ಯವನ್ನೂ ತಪ್ಪಿಸುವಂತಿಲ್ಲ. ಮದುವೆ, ಗೃಹಪ್ರವೇಶ, ಸೀಮಂತ, ಕಿವಿ ಚುಚ್ಚುವುದು, ಎಲ್ಲದಕ್ಕೂ ಹೋಗಬೇಕು, ಸಾವಿರದ ಒಂದು ಕೊಟ್ಟು ಬಾಂಡು ವಾಪಸು ಪಡೆಯಬೇಕು. ಹೋದ ಮೇಲೆ ಊಟ ಬಿಡುವ ಹಾಗಿಲ್ಲವಲ್ಲ! ಒಂದು ಆಷಾಢ ಬರುವಷ್ಟರಲ್ಲಿ ಒಬ್ಬಟ್ಟು ತಿಂದು ತಿಂದು ಅವರ ಪ್ಯಾಂಟುಗಳೆಲ್ಲ ಬಿಗಿಯಾದವು. "ಇದು ಇಂಪ್ಯಾಕ್ಟಾ ಮಾವ?" ಎಂದು ಹೊಟ್ಟೆ ತೋರಿಸಿ ಕೇಳಿದೆ. "ಸೈಡ್ ಇಂಪ್ಯಾಕ್ಟು" ಎಂದರು.

ಕುಣಿಗಲ್ಲಿನ ಒಬ್ಬ ಚಿಕ್ಕಪ್ಪನ ಕಥೆ ಇನ್ನೂ ವಿಚಿತ್ರ. ಚೀಟಿಯಲ್ಲಿ ಅವರ ಹೆಸರು ಬಂತು, ಆದರೆ ಅವರ ಮನೆಯಲ್ಲಿ ಮಾಡಲು ಯಾವ ಕಾರ್ಯವೂ ಉಳಿದಿರಲಿಲ್ಲ. ಮಕ್ಕಳ ಮದುವೆ ಆಗಿದೆ, ಮೊಮ್ಮಕ್ಕಳ ಕಿವಿ ಚುಚ್ಚಿಸಿ ಆಗಿದೆ, ಮನೆ ಕಟ್ಟಿ ಹಳೆಯದೂ ಆಗಿದೆ. ಪಾಪ, ಮಾವ ಆರು ತಿಂಗಳು ಕಾದರು. ಕೊನೆಗೆ ಚಿಕ್ಕಪ್ಪನಿಗೇ ಕನಿಕರ ಹುಟ್ಟಿ, ಹೊಸ ಪಂಪ್‌ಸೆಟ್ಟಿಗೆ ಪೂಜೆ ಇಟ್ಟುಕೊಂಡು ನಲವತ್ತು ಜನಕ್ಕೆ ಊಟ ಹಾಕಿಸಿದರು. ಒಂದು ಸಾವಿರ ವಾಪಸು ಪಡೆಯಲು ಅವರಿಗೆ ಆದ ಖರ್ಚು ಎಷ್ಟು ಎಂದು ನಾನು ಕೇಳಲಿಲ್ಲ.

ಇಷ್ಟೆಲ್ಲ ಆದರೂ, ಯಾರಿಗಾಗಿ ಇದೆಲ್ಲ ನಡೆಯಿತೋ ಆ ನಮ್ಮಮ್ಮ ಮನೆ ಬಿಟ್ಟು ಅಲ್ಲಾಡಲಿಲ್ಲ.

"ಹೊಸದ್ರಲ್ಲಿ ಎಲ್ಲಾ ಕಕ್ಕಸ್ಸೂ ಚೆನ್ನಾಗಿರ್ತವೆ. ಒಂದ್ ವರ್ಷ ಆಗ್ಲಿ, ನೋಡಣ" ಎಂದಳು. ಮಾವ ಉದ್ಘಾಟನೆಗೆ ಕರೆದರು, ಬರಲಿಲ್ಲ. ಯುಗಾದಿಗೆ ಕರೆದರು, ಬರಲಿಲ್ಲ. ಮಾವನ ಮುಖ ಸಣ್ಣಗಾಯಿತು. ಆದರೆ ಅಕ್ಕನ ಬಾಯಿಂದ ಒಂದು ವರ್ಷ ಎಂಬ ಮಾತು ಬಂದಿತ್ತಲ್ಲ, ಅದನ್ನೇ ಹಿಡಿದುಕೊಂಡರು. ಒಂದು ವರ್ಷ ಆ ಜಾಗ ಫಳಫಳ ಅನ್ನಬೇಕು.

ತೊಳೆಯಲು ಒಬ್ಬಳನ್ನು ಸಂಬಳ ಕೊಟ್ಟು ಇಟ್ಟಿದ್ದರು. ಅವಳು ತೊಳೆದು ಹೋದ ಮೇಲೆ ಅತ್ತೆ ಹೋಗಿ ನೋಡಬೇಕು, ಅತ್ತೆ ಬಂದು ಮಾವನಿಗೆ ವರದಿ ಒಪ್ಪಿಸಬೇಕು. ಅದೂ ಸಾಲದೆ ಬಾಂಡು ಪಡೆದ ಹೆಂಗಸರೇ ತಪಾಸಣೆಗೆ ಬರತೊಡಗಿದರು. ಗುಬ್ಬಿಯ ದೊಡ್ಡಮ್ಮ ಒಂದು ದಿನ ಹನ್ನೊಂದು ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದು, ಮೂಗಿಗೆ ಸೆರಗು ಹಿಡಿದು ಒಳಗೆ ಹೋದವರು, ಸೆರಗು ಬಿಟ್ಟುಕೊಂಡು ಹೊರಗೆ ಬಂದರು. ಮೂಲೆಯಲ್ಲೊಂದು ಕಲೆ ಕಂಡಿತಂತೆ. ಸೀರೆ ಎತ್ತಿ ಕಟ್ಟಿ, ಬ್ರಷ್ ಕಸಿದುಕೊಂಡು ತಾವೇ ಉಜ್ಜಿದರು. "ಬುಡಿ ದೊಡ್ಡಮ್ಮ, ನೀವ್ಯಾಕೆ" ಎಂದು ಮಾವ ಓಡಿಬಂದರೆ, "ನನ್ ಸಾವ್ರ ರೂಪಾಯಿ ಐತೆ ಇಲ್ಲಿ, ನೀನ್ಯಾವನೋ ಕೇಳಕ್ಕೆ" ಎಂದರು. ಅವರ ಸಾವಿರ ರೂಪಾಯಿ ನಾಮಕರಣದ ದಿನವೇ ವಾಪಸು ಹೋಗಿತ್ತು. ಅದನ್ನು ನೆನಪಿಸುವ ಧೈರ್ಯ ಯಾರಿಗಿತ್ತು?

ಕೊನೆಗೆ, ವರ್ಷ ತುಂಬಿದ ಮೇಲೆ, ಆ ದೊಡ್ಡಮ್ಮನೇ ನಮ್ಮಮ್ಮನಿಗೆ ಫೋನು ಮಾಡಿದರು. "ಅಲ್ಲೇ ಎಲೆ ಹಾಕ್ಕೊಂಡು ಊಟ ಮಾಡ್ಬೋದು ಕಣೇ, ಹಂಗೈತೆ."

ಮರುದಿನ ಬೆಳಗ್ಗೆ ಅಮ್ಮ ಟ್ರಂಕಿನಿಂದ ಒಳ್ಳೆಯ ಸೀರೆ ತೆಗೆದಳು. ಆದರೂ ಕಾಫಿ ಮುಟ್ಟಲಿಲ್ಲ. ಐವತ್ತು ವರ್ಷದ ಅಭ್ಯಾಸ, ಎಲ್ಲಿ ಹೋಗುತ್ತದೆ?

ಬಸ್ಸು ಹೆಬ್ಬೂರು ದಾಟಿದ ಮೇಲೆ, ಕಿಟಕಿಯಾಚೆ ಒಂದು ಹುಣಸೆಮರ ತೋರಿಸಿ ಅಮ್ಮ ತಾನಾಗಿಯೇ ಮಾತು ತೆಗೆದಳು. "ಇಲ್ಲೇ ಕಣೇ. ನೀನು ನನ್ ಮಡ್ಲಲ್ಲಿದ್ದೆ. ನಿಮ್ ಮಾವ ಹೊಸದಾಗಿ ಕಂಡಕ್ಟರ್ ಆಗಿದ್ದ. ಅವನದೇ ಬಸ್ಸು. ನಂಗೆ ತಡ್ಕಳಕ್ಕಾಗ್ಲಿಲ್ಲ, ಒಂಚೂರ್ ನಿಲ್ಸಪ್ಪ ಅಂತ ಮೆಲ್ಲಗೆ ಕೇಳ್ದೆ. ಬಸ್ಸಿನ ಓನರ್ ಮುಂದಿನ್ ಸೀಟಲ್ಲೇ ಕೂತಿದ್ರು. ಇವನು ಯಾರೋ ಗುರ್ತೇ ಇಲ್ದೋರಿಗೆ ಹೇಳ್ದಂಗೆ, 'ಇಲ್ಲಿ ಸ್ಟಾಪಿಲ್ಲಮ್ಮ' ಅಂತ ಜೋರಾಗಿ ಅಂದ್ಬುಟ್ಟ. ಬಸ್ಸೆಲ್ಲಾ ನಕ್ತು."

"ಆಮೇಲೆ?"

"ಆಮೇಲೇನು. ಕುಣಿಗಲ್ ಗಂಟ ಕಣ್ಣಲ್ಲಿ ನೀರಾಕ್ಕೊಂಡು ಕೂತಿದ್ದೆ. ಅವತ್ತಿಂದ ಬಸ್ ಹತ್ತೋ ದಿನ ನೀರ್ ಮುಟ್ಟಿಲ್ಲ. ಪಾಪ, ಅವನಿಗೇನು ನೆನಪಿರುತ್ತೆ, ಬುಡು."

ಮಾವ ಯಾಕೆ ಹೀಗೆ ಹುಚ್ಚು ಹಿಡಿದವರಂತೆ ಮೂರು ತಾಲ್ಲೂಕು ಸುತ್ತಿದರು ಎಂಬುದು ನನಗೆ ಆ ಹುಣಸೆಮರದ ಹತ್ತಿರ ಗೊತ್ತಾಯಿತು.

ಅಮೃತೂರಿನಲ್ಲಿ ಮಾವ ಸ್ಟಾಪಿನಲ್ಲೇ ನಿಂತಿದ್ದರು. ಮನೆಗೆ ಕರೆದುಕೊಂಡು ಹೋದರು, ಅತ್ತೆ ಮಾಡಿದ್ದನ್ನೆಲ್ಲ ತಿಂದೆವು, ಅಮ್ಮ ತೋಟದಲ್ಲಿ ಸುತ್ತಾಡಿ ಒಂದೊಂದು ಮರವನ್ನೂ ಮಾತಾಡಿಸಿದಳು. ನೀರು ಮಾತ್ರ ಗುಟುಕು ಗುಟುಕು. ಸಂಜೆ ವಾಪಸು ಸ್ಟಾಪಿಗೆ ಬಂದಾಗ ಮಾವ ಅವಳನ್ನು ಆ ಕೋಣೆಗೆ ಕರೆದೊಯ್ದರು. ಮೂಲೆಯಲ್ಲಿ ನೀರಿನ ಡ್ರಮ್ಮು, ಅದಕ್ಕೆ ಸರಪಳಿ ಹಾಕಿ ಕಟ್ಟಿದ ಒಂದು ದೊಡ್ಡ ಸ್ಟೀಲ್ ಲೋಟ. ಮುನ್ನೂರು ನಾಣ್ಯಗಳು ಎಲ್ಲಿ ಹೋದವು ಎಂದು ಆಗ ತಿಳಿಯಿತು. ಲೋಟದ ಮೇಲೆ, ಮದುವೆ ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವ ಹಾಗೆ, ಚುಕ್ಕಿ ಚುಕ್ಕಿಯಾಗಿ ಕೆತ್ತಿಸಿದ್ದರು: ಹೆದರದೆ ಕುಡಿಯಿರಿ.

ಅಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಲೋಟ ತುಂಬಿಸಿ ಕುಡಿದಳು. ಮತ್ತೆ ತುಂಬಿಸಿ ಕುಡಿದಳು. ಮಾವ ಟೀ ಅಂಗಡಿಯ ಕಡೆ ತಿರುಗಿ ನಿಂತು, ಇಲ್ಲದ ಧೂಳನ್ನು ಕಣ್ಣಿನಿಂದ ತೆಗೆಯುತ್ತಿದ್ದರು.

ಅಮ್ಮ ಒಳಗೆ ಹೋಗುವುದಕ್ಕೂ ತುಮಕೂರಿನ ಬಸ್ಸು ಬರುವುದಕ್ಕೂ ಸರಿಹೋಯಿತು. ಹತ್ತುವವರು ಹತ್ತಿದರು, ಕಂಡಕ್ಟರ್ ಹುಡುಗ ರೈಟ್ ಅಂದ. ಮಾವ ಓಡಿಹೋಗಿ ಬಸ್ಸಿನ ಮುಂದೆ, ಒಬ್ಬಟ್ಟಿನ ಹೊಟ್ಟೆ ಮುಂದೆ ಮಾಡಿಕೊಂಡು, ಎರಡೂ ಕೈ ಅಗಲಿಸಿ ನಿಂತುಬಿಟ್ಟರು. ಜೇಬಿನಿಂದ ಪೀಪಿ ತೆಗೆದು ಉದ್ದಕ್ಕೆ ಊದಿದರು. ಡ್ರೈವರು ಹಾರನ್ ಮೇಲೆ ಹಾರನ್ ಹೊಡೆದ. "ತಾತ, ಹಿಂದಿನ್ ಬಸ್ಸು ಬರ್ತೈತೆ, ಜಾಗ ಬುಡಿ" ಎಂದು ಕಂಡಕ್ಟರ್ ಕೂಗಿದ.

"ಬರ್ಲಿ. ನಮ್ಮಕ್ಕ ಬರೋಗಂಟ ಇದು ಹೊರಡಂಗಿಲ್ಲ."

ಅಮ್ಮ ಆತುರವೇನೂ ಇಲ್ಲದೆ, ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಬಸ್ಸಿನ ಮುಂದೆ ಕೈ ಚಾಚಿ ನಿಂತಿದ್ದ ತಮ್ಮನನ್ನು ನೋಡಿದಳು.

"ಏನ್ಲಾ ಇದು? ಯಾಕ್ ಬಸ್ ತಡುದ್ ನಿಂತಿದೀಯಾ?"

ಮಾವ ಪೀಪಿಯನ್ನು ಬಾಯಿಂದ ತೆಗೆದರು. ಐವತ್ತು ವರ್ಷದಿಂದ ಹಿಡಿದಿಟ್ಟುಕೊಂಡ ಚಿಲ್ಲರೆಯನ್ನು ಹಿಂದಿರುಗಿಸುವವರ ಹಾಗೆ ತಲೆ ತಗ್ಗಿಸಿ ಹೇಳಿದರು.

"ಇಲ್ಲಿ ಸ್ಟಾಪ್ ಐತೆ ಅಕ್ಕ."

ಅಮ್ಮ ಹತ್ತಿರ ಹೋಗಿ, ಕೆದರಿದ್ದ ಅವರ ತಲೆಗೂದಲನ್ನು ಒದ್ದೆ ಕೈಯಲ್ಲೇ ಸರಿಮಾಡಿ, ಬಸ್ಸು ಹತ್ತಿದಳು. ಮಾವ ಪಕ್ಕಕ್ಕೆ ಸರಿದರು. ರೈಟ್ ಅನ್ನುವ ಬದಲು ಪೀಪಿಯನ್ನೇ ಊದಿದರು.